ಸೇನೆ ಬಿಟ್ಟಾಯ್ತು, ಈಗ ಅಮ್ಮನ ಡ್ಯೂಟಿ. ಮಧ್ಯೆ ಹ್ಯಾಮ್ ರೇಡಿಯೊ ಹುಚ್ಚು ಸ್ವಾರ್ಥನಾ?

ಪ್ರಶ್ನೆ: ನಾನು ಸಕಲೇಶಪುರದ ಹತ್ತಿರದ ಹಳ್ಳಿಯವಳು. ವಯಸ್ಸು 42. 2005ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಓಟಿಎ, ಅಂದರೆ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಯಿಂದ ಪಾಸಾಗಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್ ಸೇರಿದೆ. 14 ವರ್ಷದ ಶಾರ್ಟ್ ಸರ್ವಿಸ್ (ನಿಗದಿತ ಅವಧಿಯ ಸೇವೆ) ಮುಗಿಸಿ 2019ರ ಸೆಪ್ಟೆಂಬರ್‌ನಲ್ಲಿ ಹೊರಗೆ ಬಂದೆ. ಆಮೇಲೆ ಐದೇ ತಿಂಗಳಿಗೆ, ಮಹಿಳಾ ಅಧಿಕಾರಿಗಳನ್ನೂ ಪರ್ಮನೆಂಟ್ ಕಮಿಷನ್‌ಗೆ (ನಿವೃತ್ತಿಯವರೆಗಿನ ಸೇವೆಗೆ) ಪರಿಗಣಿಸಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಬೆಂಗಳೂರಿನಲ್ಲಿ ಒಂದು ಕಂಪನಿ ಕೆಲಸದಲ್ಲಿದ್ದೆ. ಅಮ್ಮನಿಗೆ ಆಲ್‌ಝೈಮರ್ಸ್ ಅಂತ ಗೊತ್ತಾದ ಮೇಲೆ ಅದನ್ನೂ ಬಿಟ್ಟು ಊರಿಗೆ ಬಂದೆ. ಅಮ್ಮನಿಗೆ 74, ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಸಂಜೆ ಆದರೆ ಸಾಕು, "ಸ್ಕೂಲ್ ಬಿಟ್ಟಿತು, ಮನೆಗೆ ಹೋಗೋಣ" ಅಂತ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಅಣ್ಣ ಪುಣೆಯಲ್ಲಿದ್ದಾನೆ, ದುಡ್ಡು ಕಳಿಸುತ್ತಾನೆ. ನನಗೆ ಎರಡು ಹುಚ್ಚು: ಒಂದು ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸ್ ಪಡೆದು ಮನೆಯಿಂದಲೇ ದೂರದವರ ಜೊತೆ ರೇಡಿಯೊದಲ್ಲಿ ಮಾತಾಡುವ ಹವ್ಯಾಸ; ಇನ್ನೊಂದು ರಾತ್ರಿ ಹೊತ್ತು ಬಿಳಿ ಬಟ್ಟೆ ಕಟ್ಟಿ, ಲೈಟ್ ಹಾಕಿ ಪತಂಗಗಳ ಫೋಟೊ ತೆಗೆಯುವುದು. "ಅಮ್ಮ ಹೀಗಿರುವಾಗ ಇವಳಿಗೆ ಹುಳ ಹಿಡಿಯೋ ಚಟ" ಅಂತ ನೆಂಟರು ಆಡಿಕೊಳ್ಳುತ್ತಾರೆ. ಇದು ಸ್ವಾರ್ಥನಾ? ನಾನು ಮತ್ತೆ ಕೆಲಸಕ್ಕೆ ಹೋಗಬೇಕಾ? ಇಷ್ಟಕ್ಕೇ ಮುಗಿಯಿತಾ ನನ್ನ ಜೀವನ?

ಉತ್ತರ: ನಮಸ್ಕಾರ ಮೇಡಂ. ಸ್ವಾರ್ಥ ಅಲ್ಲ. ಮುಗಿದೂ ಇಲ್ಲ. ಕೆಲಸದ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ನಾನು ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿದ್ದವಳು. ಈಗ ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಗಳಿಗೆ ಹೇಳಿಕೊಡುವ ಕೆಲಸ ಮಾಡುತ್ತೇನೆ. ಹಾಗಾಗಿ ನಿಮ್ಮ ಪತ್ರ ಓದುವಾಗ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಪತಂಗವೂ ಅಲ್ಲ, ರೇಡಿಯೊವೂ ಅಲ್ಲ. ಇಡೀ ಪತ್ರದಲ್ಲಿ ನಿಮ್ಮನ್ನು ಬಿಡಿಸಿಕೊಳ್ಳುವವರು ಒಬ್ಬರೂ ಇಲ್ಲ. ಗಾರ್ಡ್ ಡ್ಯೂಟಿ ನೆನಪಿದೆ ಅಲ್ವಾ? ಸಂತ್ರಿ ಎರಡು ಗಂಟೆ ನಿಂತರೆ ನಾಲ್ಕು ಗಂಟೆ ರೆಸ್ಟ್. ನಿಮ್ಮ ಎಕ್ಸ್‌ಚೇಂಜ್‌ನಲ್ಲಿ ಒಬ್ಬನೇ ಆಪರೇಟರ್‌ನನ್ನು 24 ಗಂಟೆ ಕೂರಿಸಿದ್ದೀರಾ? ಯಾರಾದರೂ ಹಾಗೆ ಮಾಡಿದ್ದರೆ ನೀವೇ ಕರೆದು ಬೈಯುತ್ತಿದ್ದಿರಿ. ಈಗ ಮನೆಯಲ್ಲಿ ನೀವು ಅದನ್ನೇ ಮಾಡುತ್ತಿದ್ದೀರಿ. ಸಂತ್ರಿಯೂ ನೀವೇ, ಗಾರ್ಡ್ ಕಮಾಂಡರೂ ನೀವೇ, ರಿಲೀಫ್ ಅಂತ ಯಾರೂ ಬರುವುದಿಲ್ಲ. ಆ ಹೊತ್ತಿನಲ್ಲಿ ರೇಡಿಯೊ ಮುಂದೆ ಒಂದು ಗಂಟೆ ಕೂತರೆ ನೆಂಟರಿಗೆ ಅದು ಚಟ. ನನ್ನ ಲೆಕ್ಕದಲ್ಲಿ ನಿಮಗೆ ಸಿಗುತ್ತಿರುವ ರಿಲೀಫ್ ಅದೊಂದೇ, ಅದೂ ಸಾಲುತ್ತಿಲ್ಲ.

ಆ ಐದು ತಿಂಗಳ ವಿಷಯ ಮೊದಲು ಮುಗಿಸೋಣ. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ಒಳಗೆ ಕುದಿಯುತ್ತಿರುವುದು ಅದೇ ಅಂತ ನನಗೆ ಅನಿಸಿತು. 2019ರ ಫೆಬ್ರವರಿಯಲ್ಲಿ ಸರ್ಕಾರ ಸಿಗ್ನಲ್ಸ್ ಸೇರಿದಂತೆ ಇನ್ನೂ ಎಂಟು ವಿಭಾಗಗಳಲ್ಲಿ ಮಹಿಳೆಯರಿಗೆ ಪರ್ಮನೆಂಟ್ ಕಮಿಷನ್ ಅಂದಿತು, ಆದರೆ ಅದು ಮುಂದೆ ಸೇರುವವರಿಗೆ. 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಆಗ ಸೇವೆಯಲ್ಲಿದ್ದ ಎಲ್ಲ ಮಹಿಳಾ ಅಧಿಕಾರಿಗಳನ್ನೂ ಪರಿಗಣಿಸಿ ಅಂದಿತು, 14 ವರ್ಷ ದಾಟಿದವರನ್ನೂ ಸೇರಿಸಿ. ಅಷ್ಟರಲ್ಲಿ ನೀವು ಹೊರಗೆ. ಅಧಿಕಾರಿಗಳಿಗೆ 20 ವರ್ಷ ತುಂಬದೆ ಪಿಂಚಣಿ ಇಲ್ಲ, ಹಾಗಾಗಿ ಗ್ರಾಚುಟಿ ತೆಗೆದುಕೊಂಡು ಬಂದಿರಿ. ನಿಮ್ಮ ಬ್ಯಾಚ್‌ಮೇಟ್‌ಗಳು ಯಾರಾದರೂ ಈಗ ಕರ್ನಲ್ ಆಗಿ ಯೂನಿಟ್ ಕಮಾಂಡ್ ಮಾಡುತ್ತಿರುವ ಫೋಟೊ ಫೋನಿಗೆ ಬಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆಗಲಿ. ಅದಕ್ಕೆ ಸಮಾಧಾನ ಹೇಳಲು ನಾನು ಹೋಗುವುದಿಲ್ಲ, ಅದು ನಿಜವಾದ ನಷ್ಟ. ಆದರೆ ಒಂದು ಮಾತು: ಈ ಸಿಟ್ಟು, ಅಮ್ಮನ ಕಾಯಿಲೆಯ ದುಃಖ, ಇವೆರಡೂ ಒಟ್ಟಿಗೆ ಕಲಸಿಕೊಂಡರೆ "ಎಲ್ಲಾ ಅಮ್ಮನಿಂದಲೇ ಹಾಳಾಯಿತು" ಅನ್ನುವ ಯೋಚನೆ ಒಂದು ದಿನ ಬಂದೇ ಬರುತ್ತದೆ. ಬಂದಾಗ ಹೆದರಬೇಡಿ. ಅಮ್ಮನಿಗೂ ನಿಮ್ಮ ಕಮಿಷನ್‌ಗೂ ಸಂಬಂಧವಿಲ್ಲ, ಅದು ಕ್ಯಾಲೆಂಡರ್ ಮಾಡಿದ ಕೆಲಸ.

ಈಗ ಸಂಜೆಯ ಗೇಟು. ನಿಮ್ಮ ದಿನದ ಅತಿ ಕಷ್ಟದ ಭಾಗ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮರೆವಿನ ಕಾಯಿಲೆ ಇರುವವರಿಗೆ ಹೊತ್ತು ಮುಳುಗುವಾಗ ಕಸಿವಿಸಿ ಜಾಸ್ತಿಯಾಗುತ್ತದೆ. ದಿನವಿಡೀ ಅರ್ಥವಾಗದ ಜಗತ್ತಿನಲ್ಲಿ ಹೆಣಗಾಡಿ ಮೆದುಳು ದಣಿದಿರುತ್ತದೆ, ಬೆಳಕು ಕಡಿಮೆಯಾಗಿ ನೆರಳು ಉದ್ದವಾಗುತ್ತದೆ, ಒಳಗಿನ ಗಡಿಯಾರ ಮೊದಲೇ ಕೆಟ್ಟಿರುತ್ತದೆ. ಅದರ ಮೇಲೆ ನಿಮ್ಮ ಅಮ್ಮ ಹತ್ತಾರು ವರ್ಷ ಸಂಜೆ ನಾಲ್ಕೂವರೆಗೆ ಬ್ಯಾಗ್ ಹಿಡಿದು ಸ್ಕೂಲಿನಿಂದ ಹೊರಟವರು. ಮೈಗೆ ಅದು ನೆನಪಿದೆ. "ಇದೇ ನಮ್ಮನೆ ಅಮ್ಮ, ಎಲ್ಲಿಗೆ ಹೋಗ್ತೀರಾ" ಅಂತ ನೀವು ಹೇಳಿದಷ್ಟೂ ಅವರಿಗೆ ನೀವು ಸುಳ್ಳು ಹೇಳುತ್ತಿರುವ ಹಾಗೆ ಕಾಣುತ್ತದೆ. ವಾದ ಮಾಡಬೇಡಿ. "ಆಯ್ತು ಟೀಚರ್, ಹೋಗೋಣ, ನಾನೂ ಬರ್ತೀನಿ" ಅಂತ ಚಪ್ಪಲಿ ಹಾಕಿಸಿ ಗೇಟು ದಾಟಿ ರಸ್ತೆಯ ತಿರುವಿನವರೆಗೆ ಹೋಗಿ, ಏನಾದರೂ ಮಾತಾಡುತ್ತಾ ವಾಪಸ್ ಬನ್ನಿ. ಗೇಟಿನ ಒಳಗೆ ಬರುವಾಗ "ಮನೆ ಬಂತು" ಅನ್ನಿ. ಹೆಚ್ಚಿನ ದಿನ ಅಷ್ಟೇ ಸಾಕಾಗುತ್ತದೆ. ಕೆಲವು ದಿನ ಸಾಕಾಗುವುದಿಲ್ಲ, ಆಗ ಇನ್ನೊಂದು ಸುತ್ತು.

ಮಳೆಗಾಲದಲ್ಲಿ ನಿಮ್ಮ ಕಡೆ ಇದು ಆಗದ ಮಾತು, ಗೊತ್ತು. ಜೂನ್‌ನಿಂದ ಸಕಲೇಶಪುರದಲ್ಲಿ ಸಂಜೆ ಹೊರಗೆ ಕಾಲಿಡುವ ಹಾಗಿರುವುದಿಲ್ಲ, ಕರೆಂಟೂ ಇರುವುದಿಲ್ಲ, ನಾಲ್ಕು ಗಂಟೆಗೇ ಕತ್ತಲು. ಆಗ ಬೆಳಕೇ ಮುಖ್ಯ. ಅಮ್ಮನಿಗೆ ಕಸಿವಿಸಿ ಶುರುವಾಗುವ ಮುಂಚೆಯೇ ಎಲ್ಲ ಕೋಣೆಗಳಲ್ಲೂ ದೀಪ ಹಾಕಿ, ಕತ್ತಲೆ ಮೂಲೆ ಇರಬಾರದು. ಇನ್ವರ್ಟರ್ ಇಲ್ಲದಿದ್ದರೆ ಅಣ್ಣನಿಗೆ ಮೊದಲು ಕೇಳಬೇಕಾದ ದುಡ್ಡು ಅದಕ್ಕೆ. ಕಿಟಕಿಗೆ ಪರದೆ ಎಳೆಯಿರಿ, ಗಾಜಿನಲ್ಲಿ ಕಾಣುವ ತನ್ನದೇ ಮುಖವನ್ನು ಯಾರೋ ಹೊರಗೆ ನಿಂತಿದ್ದಾರೆ ಅಂದುಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮಲೆನಾಡಿನಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೂ ಬೇಡ, ನಾಲ್ಕು ಗಂಟೆಗೆ ಹಾಲು ಅಥವಾ ಕಷಾಯ ಕೊಟ್ಟು ನೋಡಿ.

ಕೈಗೆ ಕೆಲಸ ಕೊಡಿ. ಟೀಚರ್ ಆಗಿದ್ದವರಿಗೆ ಇದು ಸುಲಭ. ನಾಲ್ಕು ಗೆರೆಯ ಕಾಪಿ ಪುಸ್ತಕ ಐದಾರು ತನ್ನಿ, ಪಕ್ಕದ ಮನೆ ಮಕ್ಕಳ ಹತ್ತಿರ ಮಗ್ಗಿ, ಕಾಗುಣಿತ ಬರೆಸಿ, ಒಂದು ಕೆಂಪು ಪೆನ್ ಜೊತೆ ಅಮ್ಮನ ಮುಂದೆ ಇಡಿ. ತಿದ್ದುತ್ತಾ ಕೂರುತ್ತಾರೆ. ರೈಟ್ ಹಾಕಬೇಕಾದಲ್ಲಿ ಹಾಕುತ್ತಾರೋ ಇಲ್ಲವೋ ನೋಡಲು ಹೋಗಬೇಡಿ. ಓದಲು ಬರುವುದೇ ನಿಂತುಹೋದ ಒಬ್ಬ ಮೇಷ್ಟ್ರು ಪ್ರತಿ ಪುಟದ ಕೆಳಗೂ ಸಹಿ ಹಾಕಿ, ಪುಟ ತಿರುಗಿಸುವ ಮುಂಚೆ ಇಂಕ್ ಒಣಗಲಿ ಅಂತ ಊದುತ್ತಿದ್ದುದನ್ನು ನಾನು ನೋಡಿದ್ದೇನೆ. ಕೈಗೆ ಗೊತ್ತಿರುವುದು ತುಂಬಾ ಕಾಲ ಉಳಿಯುತ್ತದೆ.

ಒಂದು ಎಚ್ಚರಿಕೆ. ಅಮ್ಮನ ಸ್ಥಿತಿ ನಿಧಾನವಾಗಿ ಬದಲಾಗುವುದು ಕಾಯಿಲೆ. ಎರಡು ಮೂರು ದಿನದಲ್ಲಿ ದಿಢೀರ್ ಅಂತ ಕೆಟ್ಟರೆ, ಅಂದರೆ ಜೋರು ಗಲಾಟೆ, ಇಲ್ಲದ್ದು ಕಾಣುವುದು, ಅಥವಾ ಏನೂ ಬೇಡ ಅಂತ ಮಂಕಾಗಿ ಮಲಗಿಬಿಡುವುದು, ಅದನ್ನು "ಮರೆವು ಜಾಸ್ತಿಯಾಯಿತು" ಅಂತ ಬಿಡಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟಾಗಿರುವುದು, ಇವುಗಳಲ್ಲಿ ಯಾವುದಾದರೂ ಆಗಿರಬಹುದು, ಇವಕ್ಕೆಲ್ಲ ಚಿಕಿತ್ಸೆ ಇದೆ. ವಯಸ್ಸಾದವರಿಗೆ ಮೂತ್ರದ ಸೋಂಕಿನಲ್ಲಿ ಎಷ್ಟೋ ಸಲ ಜ್ವರವೂ ಬರುವುದಿಲ್ಲ, ತಲೆ ಮಾತ್ರ ಕೆಡುತ್ತದೆ. ತಡ ಮಾಡದೆ ಡಾಕ್ಟರ್‌ಗೆ ತೋರಿಸಿ. ಹಾಗೆಯೇ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮೊದಲೇ ಆಗಿದೆಯಾ ಅಂತ ಹಳೇ ರಿಪೋರ್ಟ್ ತೆಗೆದು ನೋಡಿ. ರಾತ್ರಿ ನಿದ್ದೆ ಮಾಡಲಿ ಅಂತ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ಕೊಡಬೇಡಿ, ಆ ಮಂಪರಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯ ಜಾಸ್ತಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ನಡೆಸುತ್ತಿದೆ. ಪ್ರತಿ ಸಲ ಬೆಂಗಳೂರಿಗೆ ಓಡುವ ಮುಂಚೆ ಹಾಸನದಲ್ಲಿ ವಿಚಾರಿಸಿ.

ಸ್ನಾನದ ಬಗ್ಗೆ ನೀವು ಬರೆದಿಲ್ಲ, ಆದರೆ ಅಲ್ಲೂ ಜಗಳ ಆಗುತ್ತಿರುತ್ತದೆ ಅಂತ ಊಹಿಸುತ್ತೇನೆ, ಎಲ್ಲರ ಮನೆಯಲ್ಲೂ ಆಗುತ್ತದೆ. ತಲೆಯಿಂದ ಶುರು ಮಾಡಬೇಡಿ. ಸ್ಟೂಲ್ ಮೇಲೆ ಕೂರಿಸಿ, ಹೆಗಲ ಮೇಲೆ ಟವೆಲ್ ಹೊದಿಸಿ, ಪಾದಕ್ಕೆ ಬಿಸಿನೀರು ಹಾಕಿ, ಆಮೇಲೆ ಮೊಣಕಾಲು, ಕೈ. ಒಂದು ಚೆಂಬು ಅವರ ಕೈಗೂ ಕೊಡಿ. ಮೈ ಪೂರ್ತಿ ಬರಿದಾಗದಿದ್ದರೆ ಭಯ ಅರ್ಧ ಕಡಿಮೆ. ಎತ್ತುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ನಿಮ್ಮ ಸೊಂಟ ಹೋಗುತ್ತದೆ. ಅವರ ಪಾದ ಹಿಂದಕ್ಕೆ ಸರಿಸಿ, ಮುಂದಕ್ಕೆ ಬಗ್ಗಿಸಿ, ಒಂದು ಎರಡು ಮೂರು ಅಂತ ಹೇಳಿ ಜೊತೆಗೇ ಏಳಿ. ಬಿಪಿಇಟಿ (ಸೇನೆಯ ದೈಹಿಕ ಪರೀಕ್ಷೆ) ಪಾಸ್ ಮಾಡಿದ್ದೀನಿ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹವ್ಯಾಸಕ್ಕೆ ಬರೋಣ. ನನಗೆ ಹ್ಯಾಮ್ ರೇಡಿಯೊ ಗೊತ್ತಿರುವುದು ಗೆಳತಿಯೊಬ್ಬರಿಂದ, ನಾನೇ ಲೈಸೆನ್ಸ್ ತೆಗೆದವಳಲ್ಲ. ಆದರೆ ನಿಮ್ಮ ಸಮಸ್ಯೆಗೆ ಸಂಬಂಧಪಟ್ಟ ಒಂದು ವಿಷಯ ಅವರಿಂದಲೇ ಕಲಿತೆ. ನೀವು 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್‌ನ ರೇಡಿಯೊ ಅಲೆಗಳಲ್ಲಿ) ಸಂಜೆ ಆರರಿಂದ ಕೂರುತ್ತೀರಿ ಅಂತಿಟ್ಟುಕೊಳ್ಳೋಣ, ದೂರದ ಸ್ಟೇಷನ್ ಸಿಗುವುದು ಆಗಲೇ ಅಂತ. ಅಮ್ಮನ ಕಸಿವಿಸಿಯೂ ಅದೇ ಹೊತ್ತಿಗೆ. ಎರಡೂ ಒಂದೇ ಗಂಟೆಗೆ ಬಡಿದಾಡುತ್ತವೆ, ಕಿವಿಗೆ ಹೆಡ್‌ಫೋನ್, ಕಣ್ಣು ಗೇಟಿನ ಮೇಲೆ, ಕೊನೆಗೆ ಎರಡೂ ಕೆಡುತ್ತವೆ. ಆದರೆ ನಿಮಗೇ ಗೊತ್ತಿರುವ ಹಾಗೆ ಹಗಲು ಆ ಅಲೆಗಳನ್ನು ಹೀರುವ ವಾತಾವರಣದ ಮೇಲಿನ ಪದರ ಸೂರ್ಯ ಮೇಲೆ ಬಂದ ಮೇಲಷ್ಟೇ ಗಟ್ಟಿಯಾಗುವುದು. ಬೆಳಗಿನ ಜಾವ, ಹೊತ್ತು ಹುಟ್ಟುವ ಹಿಂದೆ ಮುಂದೆ, 7 ಮೆಗಾಹರ್ಟ್ಸ್ ಸಂಜೆಯಷ್ಟೇ ಚೆನ್ನಾಗಿ ದೂರ ಹೋಗುತ್ತದೆ. ಅಮ್ಮ ಆಗ ಮಲಗಿರುತ್ತಾರೆ. ಐದರಿಂದ ಆರೂವರೆ ನಿಮ್ಮದು. ಸೇನೆಯಲ್ಲಿ ಇದ್ದವರಿಗೆ ಐದಕ್ಕೆ ಏಳುವುದು ಹೊಸದಲ್ಲ. ಆ ಒಂದೂವರೆ ಗಂಟೆಯನ್ನು ಹಾಲು ತರುವುದಕ್ಕೆ, ಒಲೆ ಒರೆಸುವುದಕ್ಕೆ ಕೊಡಬೇಡಿ. ಅದು ರೋಸ್ಟರ್‌ನಲ್ಲಿ ಬರೆದ ರೆಸ್ಟ್, ಉಳಿದ ಸಮಯ ಅಲ್ಲ.

ನಿಮ್ಮ ಹ್ಯಾಮ್ ಲೈಸೆನ್ಸ್ ಮೇಲಿನ ಹಂತದ ಜನರಲ್ ಗ್ರೇಡಾ, ಕೆಳಗಿನ ಹಂತದ ರಿಸ್ಟ್ರಿಕ್ಟೆಡ್ ಗ್ರೇಡಾ ಅಂತ ಬರೆದಿಲ್ಲ. ರಿಸ್ಟ್ರಿಕ್ಟೆಡ್ ಆಗಿದ್ದು, ನಿಮ್ಮ ಸ್ಟೇಷನ್ನಿನ ಗುರುತಾದ ಕಾಲ್‌ಸೈನ್ ವಿಯು3ಯಲ್ಲಿ ಶುರುವಾಗುವುದಾದರೆ, ಜನರಲ್ ಗ್ರೇಡ್ ಪರೀಕ್ಷೆಗೆ ಕೂತುಬಿಡಿ. ಅದಕ್ಕೆ ನಿಮಿಷಕ್ಕೆ 8 ಪದದ ಮೋರ್ಸ್ (ಚುಕ್ಕೆ-ಗೆರೆಯ ಸಂಕೇತ) ಕೂಡ ಬೇಕು. ಸಿಗ್ನಲ್ಸ್‌ನಿಂದ ಬಂದವರಿಗೆ ಅದೇನು ದೊಡ್ಡದಲ್ಲ. ಮೋರ್ಸ್‌ನಲ್ಲಿ ಇನ್ನೊಂದು ಲಾಭ ಇದೆ: ಬಾಯಿ ತೆರೆಯಬೇಕಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮೊದಲು ಆಂಟೆನಾ ತಂತಿ ಬಿಚ್ಚಿ ಹೊರಗೆ ಹಾಕುವುದನ್ನು ಮರೆಯಬೇಡಿ ಅಂತ ಹೇಳಲು ಗೆಳತಿ ಒತ್ತಾಯ ಮಾಡಿದ್ದಾರೆ. ತೆಂಗಿನ ಮರಕ್ಕೂ ಹಲಸಿನ ಮರಕ್ಕೂ 20 ಮೀಟರ್ ತಾಮ್ರ ಕಟ್ಟಿಕೊಂಡು ಮಲೆನಾಡಿನಲ್ಲಿ ಇರುವವರಿಗೆ ಇದು ತಮಾಷೆ ಮಾತಲ್ಲ.

ಇದು ಬರೀ ಹೊತ್ತು ಕಳೆಯುವ ಆಟ ಅನ್ನುವ ನೆಂಟರಿಗೆ ಒಂದು ಕಥೆ ಹೇಳಿ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅನ್ನುವ ಹ್ಯಾಮ್, ಕಾಲ್‌ಸೈನ್ ವಿಯು2ಆರ್‌ಬಿಐ, ತಂಡ ಕಟ್ಟಿಕೊಂಡು ಅಂಡಮಾನ್‌ಗೆ ಹೋಗಿದ್ದರು. ಅಲ್ಲಿಂದ ಹ್ಯಾಮ್‌ಗಳು ಮಾತಾಡಿ ಎಷ್ಟೋ ವರ್ಷವಾಗಿತ್ತು, ಜಗತ್ತಿನ ಹವ್ಯಾಸಿಗಳೆಲ್ಲ ಆ ಸಂಪರ್ಕಕ್ಕೆ ಕಾದಿದ್ದರು. ಹೋಗಿದ್ದು ಪೂರ್ತಿ ಹವ್ಯಾಸಕ್ಕೆ. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನ್ ಲೈನೆಲ್ಲ ಸತ್ತವು. ಪೋರ್ಟ್‌ಬ್ಲೇರ್‌ನಲ್ಲಿ ಅವರ ರೇಡಿಯೊ ಕೆಲಸ ಮಾಡುತ್ತಿತ್ತು. ಯಾರು ಬದುಕಿದ್ದಾರೆ, ಎಲ್ಲಿದ್ದಾರೆ ಅನ್ನುವ ಸಂದೇಶಗಳು ದ್ವೀಪದಿಂದ ಹೊರಗೆ ಹೋಗಿದ್ದು ಆ ಹವ್ಯಾಸಿಗಳ ಕೈಯಿಂದ. ನಿಮ್ಮ ಕಡೆ ಪ್ರತಿ ಮಳೆಗಾಲ ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿಯುತ್ತದೆ, ಟವರ್ ಡೀಸೆಲ್ ಮುಗಿದು ಮೊಬೈಲ್ ಸಾಯುತ್ತದೆ. ಆಗ ಊರಿನಲ್ಲಿ ಕೆಲಸ ಮಾಡುವ ರೇಡಿಯೊ ಇರುವುದು ನಿಮ್ಮ ಮನೆಯಲ್ಲಿ ಮಾತ್ರ. ತಾಲ್ಲೂಕು ಆಫೀಸಿಗೆ ಹೋಗಿ ತಹಶೀಲ್ದಾರರಿಗೆ ಒಂದು ಪತ್ರ ಕೊಟ್ಟು ಬನ್ನಿ, ಹೀಗೊಂದು ಸ್ಟೇಷನ್ ಇದೆ ಅಂತ. ಆದರೆ ಉಪಯೋಗಕ್ಕೆ ಬರುವುದರಿಂದಲೇ ಹವ್ಯಾಸಕ್ಕೆ ಮರ್ಯಾದೆ ಅಂತ ನಾನು ಹೇಳುವುದಿಲ್ಲ. ಸುಮ್ನೆ ಖುಷಿಗೆ ಮಾಡಿದರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಪತಂಗಗಳಿಗೆ ಚಿಟ್ಟೆಗಳಷ್ಟು ಗಿರಾಕಿ ಇಲ್ಲ. ಭಾರತದಲ್ಲಿ ಚಿಟ್ಟೆಗಳು ಒಂದೂವರೆ ಸಾವಿರ ಜಾತಿಯ ಒಳಗೆ, ಪತಂಗಗಳು ಹತ್ತು ಸಾವಿರದ ಹತ್ತಿರ. ಪಶ್ಚಿಮ ಘಟ್ಟದಲ್ಲಿ ಕೂತು ದಿನಾಂಕ, ಜಾಗ ಬರೆದು ಫೋಟೊ ಹಾಕುವವರು ಇದ್ದರೆ ಅದಕ್ಕೆ ಬೆಲೆ ಇದೆ. ಜುಲೈ ಕೊನೆಯ ವಾರದ ಪತಂಗ ಸಪ್ತಾಹಕ್ಕೆ ನೀವು ಈಗಾಗಲೇ ಫೋಟೊ ಕಳಿಸುತ್ತಿರಬಹುದು. ಅಮಾವಾಸ್ಯೆ ಆಸುಪಾಸಿನ ಕತ್ತಲ ರಾತ್ರಿಯಲ್ಲಿ ಪತಂಗ ಜಾಸ್ತಿ ಬರುತ್ತವೆ, ಸರಿ. ಆದರೆ ಅಮಾವಾಸ್ಯೆ ರಾತ್ರಿ ಒಬ್ಬಂಟಿ ಹೆಂಗಸು ಹಿತ್ತಲಲ್ಲಿ ಬಿಳಿ ಬಟ್ಟೆ ಕಟ್ಟಿ ನೀಲಿ ದೀಪ ಹಚ್ಚಿದರೆ ಊರಲ್ಲಿ ಏನು ಮಾತು ಹುಟ್ಟುತ್ತದೆ ಅಂತ ನಾನು ನಿಮಗೆ ಹೇಳಬೇಕಾ! ಒಂದು ಸಲ ಅಕ್ಕಪಕ್ಕದ ಮಕ್ಕಳನ್ನು ಕರೆದು ತೋರಿಸಿ. ಅಂಗೈಗಿಂತ ದೊಡ್ಡ ಅಟ್ಲಾಸ್ ಪತಂಗ ಬಂದು ಕೂತರೆ, ಅದಕ್ಕೆ ತಿನ್ನಲು ಬಾಯೇ ಇಲ್ಲ ಅಂತ ಕೇಳಿದರೆ, ಆ ಮಕ್ಕಳೇ ನಿಮ್ಮ ಪರ ವಕಾಲತ್ತು ಮಾಡುತ್ತಾರೆ.

ಅಮ್ಮನ ವಿಷಯದಲ್ಲಿ ಮಾತ್ರ ಒಂದು ಜಾಗ್ರತೆ. ಬಿಳಿ ಬಟ್ಟೆಯ ಮೇಲೆ ಓಡಾಡುವ ನೆರಳು ಮರೆವಿನ ಕಾಯಿಲೆ ಇರುವವರಿಗೆ ಬೇರೇನೋ ಆಗಿ ಕಾಣಬಹುದು, ಹೆದರಬಹುದು. ಅವರ ಕೋಣೆಯ ಕಿಟಕಿಗೆ ಕಾಣದ ಕಡೆ ಕಟ್ಟಿ. ಮಾರನೇ ದಿನ ಫೋಟೊಗಳನ್ನು ದೊಡ್ಡದಾಗಿ ತೋರಿಸಿ, ಬಣ್ಣ ಹೇಳಿಸಿ. ಕೆಲವು ದಿನ ಅದೂ ಒಂದು ಕ್ಲಾಸ್ ಆಗಬಹುದು. ರಾತ್ರಿ ನೀವು ಹೊರಗಿದ್ದಾಗ ಅವರು ಎದ್ದರೆ ಗೊತ್ತಾಗಲು ಬಾಗಿಲಿಗೆ ಒಂದು ಗೆಜ್ಜೆ ಅಥವಾ ಗಂಟೆ ಕಟ್ಟಿ. ಹೊರಗಿನಿಂದ ಚಿಲಕ ಹಾಕಿ ಹೋಗಬೇಡಿ, ಯಾವತ್ತೂ.

ಈಗ ಅಣ್ಣ. ಅವರು ಕೆಟ್ಟವರಲ್ಲ ಅಂತ ನಿಮ್ಮ ಪತ್ರದಿಂದ ಗೊತ್ತಾಗುತ್ತದೆ. ಆದರೆ ದುಡ್ಡು ಕಳಿಸಿದ ತಕ್ಷಣ ತನ್ನ ಪಾಲು ಮುಗಿಯಿತು ಅಂದುಕೊಂಡಿದ್ದಾರೆ, ಯಾಕೆಂದರೆ ಯಾರೂ ಬೇರೆ ಏನೂ ಕೇಳಿಲ್ಲ. "ಸ್ವಲ್ಪ ಸಹಾಯ ಮಾಡು" ಅಂತ ಕೇಳಬೇಡಿ, ಅದಕ್ಕೆ "ಖಂಡಿತ" ಅಂದು ಸುಮ್ಮನಾಗುತ್ತಾರೆ. ತಾರೀಖು ಕೇಳಿ. ಅಕ್ಟೋಬರ್‌ನಲ್ಲಿ ಒಂದು ವಾರ, ಏಪ್ರಿಲ್‌ನಲ್ಲಿ ಒಂದು ವಾರ, ಒಬ್ಬನೇ ಬಾ, ನಾನು ಊರಲ್ಲಿ ಇರುವುದಿಲ್ಲ. ಹೋಗುವ ಮುಂಚೆ ನಮ್ಮಲ್ಲಿ ಹೇಗೆ ಹ್ಯಾಂಡಿಂಗ್ ಓವರ್, ಟೇಕಿಂಗ್ ಓವರ್ ಆಗುತ್ತದೋ ಹಾಗೇ ಒಂದು ನೋಟ್‌ಬುಕ್ ಮಾಡಿ: ಯಾವ ಮಾತ್ರೆ ಊಟದ ಮುಂಚೆ, ಯಾವುದು ಆಮೇಲೆ, ಗೇಟಿನ ಹತ್ತಿರ ಏನು ಹೇಳಬೇಕು, ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಸೀರೆ ಹಾಕಿದರೆ ಜಗಳ ಆಡುವುದಿಲ್ಲ. ಮೊದಲ ದಿನ ಜೊತೆಯಲ್ಲಿದ್ದು ತೋರಿಸಿ, ಎರಡನೇ ದಿನ ಹೊರಡಿ. ಅಣ್ಣ ಮಾಡುವ ರೀತಿ ಬೇರೆ ಇರುತ್ತದೆ. ಉಪ್ಪಿಟ್ಟು ಗಂಟಾಗಿರುತ್ತದೆ, ಅಮ್ಮ ಎರಡು ದಿನ ಒಂದೇ ಸೀರೆಯಲ್ಲಿರುತ್ತಾರೆ. ಫೋನ್ ಮಾಡಿ ತಿದ್ದಬೇಡಿ. ನಿಜ ಹೇಳಬೇಕೆಂದರೆ ಆಫೀಸರ್‌ಗಳಾಗಿದ್ದ ಹೆಂಗಸರಿಗೆ ಇದೇ ಕಷ್ಟ, ಇನ್ನೊಬ್ಬರು ಅರೆಬರೆ ಮಾಡುವುದನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ.

ಅಷ್ಟೇ ಸಾಲದು, ದಿನಕ್ಕೆ ನಾಲ್ಕು ಗಂಟೆ ಒಬ್ಬ ಹೆಂಗಸು ಬೇಕು, ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ. ನರ್ಸ್ ಆಗಬೇಕಿಲ್ಲ, ತಾಳ್ಮೆ ಇದ್ದರೆ ಸಾಕು, ಉಳಿದದ್ದನ್ನು ನೀವು ಕಲಿಸುತ್ತೀರಿ. ಅಣ್ಣನ ದುಡ್ಡು ಹೋಗಬೇಕಾದ್ದು ಇಲ್ಲಿಗೆ. ಮನಸ್ಸು ಭಾರ ಆದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಹುಚ್ಚು ಹಿಡಿದವರಿಗೆ ಮಾತ್ರ ಅಂದುಕೊಳ್ಳಬೇಡಿ. ಹಿರಿಯರಿಗೆ ಸಂಬಂಧಪಟ್ಟ ಮಾಹಿತಿಗೆ 14567 ಇದೆ.

ಆ ನಾಲ್ಕು ಗಂಟೆ ಸಿಕ್ಕಿದ ಮೇಲೆ ಕೆಲಸದ ಮಾತು. ಬೆಂಗಳೂರಿಗೆ ಈಗ ವಾಪಸ್ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ. ಅಮ್ಮನನ್ನು ಗೊತ್ತಿಲ್ಲದ ಫ್ಲ್ಯಾಟಿಗೆ ಕರೆದುಕೊಂಡು ಹೋದರೆ ಈಗ ಉಳಿದಿರುವ ಗುರುತೂ ಹೋಗುತ್ತದೆ, ಇಲ್ಲೇ ಬಿಟ್ಟು ಹೋದರೆ ನಿಮ್ಮ ಮನಸ್ಸು ಅಲ್ಲಿ ಇರುವುದಿಲ್ಲ. ಆದರೆ ಕೆಲಸವೇ ಬೇಡ ಅಂತಲೂ ಹೇಳುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಸೇನೆ ಸೇರಬೇಕು ಅನ್ನುವ ಹುಡುಗಿಯರಿಗೆ ದಾರಿ ಹೇಳುವವರು ಎಷ್ಟು ಜನ ಇದ್ದಾರೆ? ಈಗ ಬಾಗಿಲು ನಮ್ಮ ಕಾಲದ ಹಾಗಿಲ್ಲ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಸೆಂಟರ್‌ನಿಂದ 83 ಹುಡುಗಿಯರು ಸಿಪಾಯಿಗಳಾಗಿ ಹೊರಬಂದರು, ಆಫೀಸರ್ ಆಗಿ ಅಲ್ಲ, ಮೊಟ್ಟಮೊದಲ ಬ್ಯಾಚ್. ಎನ್‌ಡಿಎಯಿಂದ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) 17 ಹುಡುಗಿಯರ ಮೊದಲ ಬ್ಯಾಚ್ 2025ರ ಮೇನಲ್ಲಿ ಪಾಸಾಯಿತು. ಕೂಡಿಗೆಯ ಸೈನಿಕ ಶಾಲೆ ಈಗ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗೇ ಅಂತ 1969ರಲ್ಲಿ ಶುರುವಾದ ಸೈನಿಕ ಶಾಲೆ ಇದೆ. ಎಸ್‌ಎಸ್‌ಬಿಯಲ್ಲಿ (ಸೇನಾಧಿಕಾರಿಗಳ ಆಯ್ಕೆಯ ಸಂದರ್ಶನದಲ್ಲಿ) ಐದು ದಿನ ಏನು ನೋಡುತ್ತಾರೆ ಅಂತ ಪಟ್ಟಣದ ಕೋಚಿಂಗ್ ಸೆಂಟರ್ ಸಾವಿರಾರು ರೂಪಾಯಿ ತೆಗೆದುಕೊಂಡು ಹೇಳುತ್ತದೆ, ನೀವು ಮನೆಯ ಜಗಲಿಯಲ್ಲಿ ಕೂತು ಹೇಳಬಹುದು. ಶುಲ್ಕ ತೆಗೆದುಕೊಳ್ಳಿ, ಸಂಕೋಚ ಬೇಡ. ಜಗಲಿಯಲ್ಲಿ ಹತ್ತು ಹುಡುಗಿಯರು ಪುಸ್ತಕ ಹಿಡಿದು ಕೂತರೆ ಅಮ್ಮನಿಗೂ ಅದು ಸ್ಕೂಲೇ ಅಲ್ವಾ.

ಜೀವನ ಮುಗಿಯಿತಾ ಅಂತ ಕೇಳಿದಿರಿ. ಪ್ರಿಯಾ ಝಿಂಗನ್ ಹೆಸರು ನಿಮಗೆ ಗೊತ್ತೇ ಇದೆ, ಓಟಿಎಯ ಲೇಡಿ ಕೆಡೆಟ್ ನಂಬರ್ 1. ಹೆಂಗಸರನ್ನೂ ಸೇನೆಗೆ ಸೇರಿಸಿಕೊಳ್ಳಿ ಅಂತ ಸೇನಾ ಮುಖ್ಯಸ್ಥರಿಗೇ ಕಾಗದ ಬರೆದ ಹುಡುಗಿ. 1992ರಲ್ಲಿ 25 ಜನರ ಮೊದಲ ಬ್ಯಾಚಿನಲ್ಲಿ ಸೇರಿದರು. ಕೇಳಿದ್ದು ಇನ್‌ಫೆಂಟ್ರಿ, ಸಿಕ್ಕಿದ್ದು ಕಾನೂನು ವಿಭಾಗ. ಹತ್ತು ವರ್ಷಕ್ಕೆ ಮೇಜರ್ ಆಗಿ ಹೊರಗೆ ಬಂದರು. ಆಮೇಲೆ ಗ್ಯಾಂಗ್ಟಕ್‌ನಲ್ಲಿ ವಾರಪತ್ರಿಕೆ ಸಂಪಾದಕಿ, ಟೀವಿಯ ಸಾಹಸ ಸ್ಪರ್ಧೆಯಲ್ಲಿ ಸ್ಪರ್ಧಿ, ಸನಾವರದ ಲಾರೆನ್ಸ್ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಒಂದಕ್ಕೊಂದು ಸಂಬಂಧವೇ ಇಲ್ಲ. ರೆಸ್ಯುಮೆ ಓದುವ ಎಚ್‌ಆರ್‌ನವರಿಗೆ ತಲೆ ತಿರುಗುತ್ತದೆ. ಗಂಡಸರು ಹೀಗೆ ಬದುಕಿದರೆ ನಾವು ಬಹುಮುಖ ಪ್ರತಿಭೆ ಅನ್ನುತ್ತೇವೆ, ಹೆಂಗಸರಿಗಾದರೆ ಎಲ್ಲೂ ನೆಲೆ ನಿಲ್ಲಲಿಲ್ಲ ಅನ್ನುತ್ತೇವೆ. ಅಂದಹಾಗೆ, ಸೇನೆಯಲ್ಲಿ ಮಹಿಳೆಯರ ಕಥೆ 1992ರಿಂದ ಶುರು ಅಂತ ಎಲ್ಲರೂ ಬರೆಯುವಾಗ ನಮ್ಮಂಥ ನರ್ಸಿಂಗ್‌ನವರಿಗೆ ಸ್ವಲ್ಪ ಉರಿಯುತ್ತದೆ. ನಮ್ಮ ಸರ್ವಿಸ್ 1926ರಿಂದ ಇದೆ, 1976ರಲ್ಲೇ ಗರ್ಟ್ರೂಡ್ ಅಲಿ ರಾಮ್ ಮೇಜರ್ ಜನರಲ್ ಆಗಿದ್ದರು.

ಕೊನೆಗೆ ಕಾಗದಪತ್ರ. ಇದನ್ನು ಈ ತಿಂಗಳೇ ಮಾಡಿ, ಬೇರೆ ಎಲ್ಲ ಕಾಯಬಹುದು. ನೀವು ಅವಧಿ ಮುಗಿಸಿ ಗ್ರಾಚುಟಿ ಪಡೆದು ಬಂದವರು, ಅಂದರೆ ನೀವು ಎಕ್ಸ್ ಸರ್ವಿಸ್‌ಮನ್ ಲೆಕ್ಕಕ್ಕೆ ಬರುತ್ತೀರಿ. ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಮಾಡಿಸಿಲ್ಲದಿದ್ದರೆ ಮೊದಲು ಅದು. ಶಾರ್ಟ್ ಸರ್ವಿಸ್‌ನವರಿಗೆ 2019ರ ಮಾರ್ಚ್‌ನಿಂದ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಬಾಗಿಲೂ ತೆರೆದಿದೆ, ಒಂದು ಸಲದ ಮೊತ್ತ ಕಟ್ಟಿ ಸದಸ್ಯರಾಗಬಹುದು. ಅಮ್ಮನಿಗೆ ತಮ್ಮದೇ ಪಿಂಚಣಿ ಇರುವುದರಿಂದ ಅವರನ್ನು ಅವಲಂಬಿತರು ಅಂತ ಸೇರಿಸುವುದು ಕಷ್ಟ, ಆ ಆಸೆಯ ಮೇಲೆ ಲೆಕ್ಕ ಹಾಕಬೇಡಿ. ನಿಮಗಂತೂ ಮಾಡಿಸಿಕೊಳ್ಳಿ. ಅಮ್ಮನ ಬಿಪಿ ತಿಂಗಳಿಗೊಮ್ಮೆ ನೋಡುತ್ತೀರಿ, ನಿಮ್ಮದು ಯಾವಾಗ ನೋಡಿದ್ದು?

ಅಮ್ಮನ ಕಡೆಯಿಂದ: ಪಿಂಚಣಿಗೆ ನವೆಂಬರ್‌ನ ಜೀವಂತ ಪ್ರಮಾಣಪತ್ರ ತಪ್ಪಬಾರದು. ಬ್ಯಾಂಕ್ ಖಾತೆಯನ್ನು ನಿಮ್ಮ ಹೆಸರು ಸೇರಿಸಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿ, ನಾಮಿನಿ ಹೆಸರು ನೋಡಿ. ಪವರ್ ಆಫ್ ಅಟಾರ್ನಿ ಮಾಡಿಸಿಬಿಟ್ಟರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ಬಿದ್ದುಹೋಗುತ್ತದೆ. ಆಮೇಲೆ ಪಾಲಕರನ್ನು ನೇಮಿಸಿ ಅಂತ ಹೈಕೋರ್ಟ್‌ವರೆಗೆ ಅಲೆಯಬೇಕಾಗುತ್ತದೆ. ಮನೆ, ತೋಟ ಅಮ್ಮನ ಹೆಸರಿನಲ್ಲಿದ್ದರೆ, ಅವರಿಗೆ ಇನ್ನೂ ತಿಳಿವು ಇದೆ ಅಂತ ಡಾಕ್ಟರ್ ಬರೆದುಕೊಟ್ಟರೆ ಮಾತ್ರ ವಿಲ್ ಬರೆಸಿ, ಸಾಕ್ಷಿಗೆ ಆ ಡಾಕ್ಟರ್ ಒಬ್ಬರಾದರೆ ಇನ್ನೂ ಒಳ್ಳೆಯದು. ತಿಳಿವು ಹೋಗಿದ್ದರೆ ಬೇಡ, ಮುಂದೆ ಅದೇ ಜಗಳಕ್ಕೆ ದಾರಿ. ಇದನ್ನೆಲ್ಲ ಅಣ್ಣ ಅಕ್ಟೋಬರ್‌ನಲ್ಲಿ ಬಂದಾಗ ಮಾಡೋಣ ಅಂತ ಮುಂದೂಡಬೇಡಿ, ಈಗಲೇ ಫೋನ್ ಮಾಡಿ ಎರಡು ದಿನಕ್ಕೆ ಕರೆಸಿ. ಅವರ ಎದುರೇ ಆಗಲಿ.